ಅಂಜನದಿಂದ ನಿವಾಳಿಯವರೆಗೆ: ದೃಷ್ಟಿ ಪರಿಹಾರದ ಪರಂಪರೆ

ಅಸೂಯೆಯ ನೋಟ ಕೇಡು ತರುತ್ತದೆಂಬ ನಂಬಿಕೆ ಭಾರತದಲ್ಲಿ ಬಹು ಪ್ರಾಚೀನವಾದುದು. ಅಥರ್ವವೇದದ 4ನೆಯ ಕಾಂಡದ 9ನೆಯ ಸೂಕ್ತವು ಅಂಜನವನ್ನು, ಅಂದರೆ ಕಣ್ಣಿಗೆ ಹಚ್ಚುವ ಕಪ್ಪನ್ನು, ಕೆಡುಕರ ಘೋರದೃಷ್ಟಿಯಿಂದ ಕಾಪಾಡೆಂದು ಬೇಡುತ್ತದೆ. ಕರ್ನಾಟಕದ ಮನೆಗಳಲ್ಲಿ ಹರಳೆಣ್ಣೆ ದೀಪದ ಮಸಿಯಿಂದ ಮಾಡಿದ ಕಾಡಿಗೆಯನ್ನು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟಾಗಿ ಇಡುವ ರೂಢಿಯಲ್ಲಿ ಇದೇ ಭಾವನೆಯನ್ನು ಕಾಣಬಹುದು.

ದೋಷವನ್ನು ಇಳಿಸಿ ತೆಗೆಯುವ ಕ್ರಿಯೆಗೆ ನಿವಾಳಿಸುವುದು ಎನ್ನುತ್ತಾರೆ: ಹಿರಿಯ ಹೆಂಗಸು ಉಪ್ಪು, ಒಣಮೆಣಸಿನಕಾಯಿ, ಸಾಸಿವೆಗಳನ್ನು ಮುಷ್ಟಿಯಲ್ಲಿ ಹಿಡಿದು, ಮಗುವಿನ ಸುತ್ತ ಮೂರು ಬಾರಿ ಸುಳಿದು ಒಲೆಗೆ ಹಾಕುತ್ತಾಳೆ, ಘಾಟು ಏಳದಿದ್ದರೆ ದೃಷ್ಟಿ ಬಲವಾಗಿಯೇ ತಾಗಿತ್ತೆಂದು ತಿಳಿಯುತ್ತಾರೆ. ನವದಂಪತಿಗಳಿಗೆ ಎತ್ತುವ ಆರತಿಯ ನೀರು ಕೆಂಪಾಗುವುದು ಅರಿಶಿನಕ್ಕೆ ಸುಣ್ಣ ಬೆರೆತಾಗ. ಆಯುಧಪೂಜೆಯಂದು ಕುಂಕುಮ ತುಂಬಿ ಒಡೆಯುವ ಬೂದುಗುಂಬಳಕಾಯಿಯೂ ಕೆಂಪನ್ನೇ ಚೆಲ್ಲುತ್ತದೆ. ಶಿಶುಮರಣ ಹೆಚ್ಚಾಗಿದ್ದ ಕಾಲದಲ್ಲಿ ಈ ಆಚರಣೆಗಳು ತಾಯಂದಿರ ಆತಂಕಕ್ಕೆ ಆಸರೆಯಾಗಿದ್ದುದರಿಂದ, ಇವುಗಳ ಚರಿತ್ರೆಯನ್ನು ಮೌಢ್ಯವೆಂದು ತಳ್ಳಿಹಾಕದೆ ವಾತ್ಸಲ್ಯದ ಚರಿತ್ರೆಯಾಗಿಯೂ ಓದಬೇಕು.