ಗಾಲಿ ಬೆಂಡಾದರೆ ಎಸೆಯಬೇಕೆ?

ಮಗರಪಟ್ಟಾದ ನಿಮ್ಮ ಕಟ್ಟಡದ ಪಾರ್ಕಿಂಗಿಗೆ ಇಳಿದು ನೋಡಿ, ಗಾಲಿ ಬೆಂಡಾದ ಸೈಕಲ್ಲೊಂದು ಗೋಡೆಗೊರಗಿ ನಿಂತಿದ್ದೀತು. ರೈತ ಕುಟುಂಬಗಳು ತಮ್ಮ ಸುಮಾರು 400 ಎಕರೆ ಒಟ್ಟುಗೂಡಿಸಿ ಈ ನಗರ ಕಟ್ಟುವ ಮುಂಚೆ ಇಲ್ಲಿ ಕಬ್ಬಿನ ಹೊಲಗಳಿದ್ದವು. ಆ ಕಾಲದ ಪುಣೆಗೆ ಸೈಕಲ್ಲುಗಳ ಊರೆಂದೇ ಹೆಸರು. ಗಾಲಿ ಕೆಟ್ಟರೆ ಮೊದಲು ರಿಪೇರಿಯ ಮಾತು.

ಗಾಲಿಯ ಕಟ್ಟಡವೇ ಹಾಗಿದೆ. ಎತ್ತಿನಗಾಡಿಯ ಮರದ ಅರಗಳು ಭಾರವನ್ನು ಕೆಳಗಿನಿಂದ ಹೊರುತ್ತವೆ. ಸೈಕಲ್ಲಿನ ಕಡ್ಡಿಗಳಾದರೋ ರಿಮ್ಮನ್ನು ಎಲ್ಲ ಕಡೆಯಿಂದ ಎಳೆದು ಹಿಡಿಯುತ್ತವೆ. ಅವನ್ನು ಓರೆಯಾಗಿ, ಒಂದನ್ನೊಂದು ಹಾಯುವಂತೆ ಹೆಣೆಯುವ ವಿಧಾನಕ್ಕೆ ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದರು. ಇಂದಿನ ಗಾಲಿಯಲ್ಲೂ ಒಂದೊಂದು ಕಡ್ಡಿಯನ್ನೂ ಬೇರೆಯಾಗಿ ಬಿಗಿಯಬಹುದು, ಬದಲಿಸಬಹುದು.

ಹಾಗಾಗಿ ಗಾಲಿ ಅಲುಗಾಡಿದರೆ ಬೆಂಡ್ ತೆಗೆಸಿ. ಕಡ್ಡಿ ಮುರಿದಿದ್ದರೆ ಬೇಗ ಹಾಕಿಸಿ. ತಡಮಾಡಿದರೆ ಅದರ ಪಾಲಿನ ಭಾರವೂ ಪಕ್ಕದವುಗಳ ಮೇಲೆ ಬಿದ್ದು ಅವೂ ಮುರಿಯುತ್ತವೆ. ರಿಮ್ ಬಿರುಕು ಬಿಟ್ಟಿದ್ದರೆ ಅಥವಾ ಮಡಚಿಹೋಗಿದ್ದರೆ ಮಾತ್ರ ಬದಲಿಸಿ, ಅದರಲ್ಲಿ ಜಿಪುಣತನ ಬೇಡ, ಬಿದ್ದೀರಿ! ಆಗಲೂ ಹಬ್ ಚೆನ್ನಾಗಿದ್ದರೆ ಅದಕ್ಕೇ ಹೊಸ ರಿಮ್ ಹೆಣೆಸಬಹುದು.

ಈ ಭಾನುವಾರ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಗಾಲಿ ತಿರುಗಿಸಿ ನೋಡಿ. ತೀರ್ಮಾನ ಆಮೇಲೆ.