ಮೈ ಮರೆಯದ ಲೆಕ್ಕ

ಊಟ ತಗ್ಗಿಸಿ ಮೈ ಇಳಿಸಿದವರು ಒಂದೆರಡು ವರುಷಗಳಲ್ಲಿ ಮತ್ತೆ ಮೊದಲಿನಂತಾದರೆ, ‘ಬಾಯಿ ಕಟ್ಟಲಾರದವರು’ ಎಂದು ನೆರೆಹೊರೆಯವರು ನಗುವುದುಂಟು. ಈ ನಗೆ ನ್ಯಾಯವಾದುದೆ? ವಿಜ್ಞಾನದ ಚರಿತ್ರೆ ಬೇರೆಯೇ ತೀರ್ಪನ್ನು ಕೊಟ್ಟಿದೆ.

1944ರ ನವೆಂಬರಿನಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು 36 ಮಂದಿ ತರುಣರನ್ನು ಒಂದು ಪರೀಕ್ಷೆಗೆ ಬರಮಾಡಿಕೊಂಡರು. ಅಂತಃಸಾಕ್ಷಿಗೆ ಒಪ್ಪದೆಂದು ಆಯುಧ ಹಿಡಿಯಲೊಲ್ಲದೆ, ಬೇರೆ ಬಗೆಯ ಸೇವೆಗೆ ತಾವಾಗಿಯೇ ಮುಂದೆ ಬಂದವರು ಅವರು. ಹಸಿದು ಕಂಗಾಲಾದ ಯೂರೋಪಿನ ಜನರನ್ನು ಮತ್ತೆ ಚೇತರಿಸುವ ಬಗೆಯನ್ನು ತಿಳಿಯುವುದು ಪರೀಕ್ಷೆಯ ಉದ್ದೇಶ. 24 ವಾರಗಳ ಕಾಲ ಅರೆಹೊಟ್ಟೆಯ ಊಟವಾಯಿತು. ಮೈತೂಕದಲ್ಲಿ ಸುಮಾರು ಕಾಲುಭಾಗ ಕರಗಿತು. ಸದಾ ಅವರಿಗೆ ಊಟದ್ದೇ ಧ್ಯಾನ. ಕೆಲವರು ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿದರು! ಕಟ್ಟು ಸಡಿಲಿಸಿದ ಮೇಲೆ ಹೊಟ್ಟೆ ಬಿರಿಯ ಉಂಡರೂ ಹಲವರ ಹಸಿವು ತಣಿಯಲಿಲ್ಲ. ಮೈಯ ಕೊಬ್ಬು ಹಿಂದಿನ ಮಟ್ಟವನ್ನೂ ಮೀರಿತು. ಇವರು ಸ್ಥೂಲಕಾಯರಲ್ಲ, ಛಲದಲ್ಲಿ ಕಡಮೆಯಾದವರೂ ಅಲ್ಲ. ಹಾಗಾದರೆ ಕಾರಣವೇನು?

ಉತ್ತರದ ಮುಖ್ಯ ಭಾಗ ದೊರೆಯಲು ಅರ್ಧ ಶತಮಾನವೇ ಬೇಕಾಯಿತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕೊಬ್ಬಿನಿಂದಲೇ ಹುಟ್ಟುವ ಒಂದು ಹಾರ್ಮೋನಿನ ಸುಳಿವನ್ನು ಕಂಡುಹಿಡಿದರು. ಗ್ರೀಕಿನಲ್ಲಿ ‘ತೆಳು’ ಎಂಬರ್ಥದ ಪದದಿಂದ ಅದಕ್ಕೆ ಲೆಪ್ಟಿನ್ ಎಂಬ ಹೆಸರಾಯಿತು. ಕಣಜದಲ್ಲಿ ಕಾಳಿದೆಯೆಂದು ಮೆದುಳಿಗೆ ತಿಳಿಸುವ ಓಲೆ ಅದು. ಕೊಬ್ಬು ಕರಗಿದಂತೆ ಓಲೆ ಕಡಮೆಯಾಗುತ್ತದೆ. ಬರಗಾಲ ಬಂತೆಂದು ಬಗೆದ ಮೆದುಳು ಹಸಿವನ್ನು ಹೆಚ್ಚಿಸಿ, ಶಕ್ತಿಯ ವೆಚ್ಚವನ್ನು ಬಿಗಿಹಿಡಿಯುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮೊದಲಾದವರು ಜಠರದಿಂದ ಹೊರಟು ಹಸಿವನ್ನು ಕೆರಳಿಸುವ ಘ್ರೆಲಿನ್ನನ್ನು ತೋರಿಸಿಕೊಟ್ಟರು.

ಈ ಎರಡರ ಆಟ ಎಷ್ಟು ಕಾಲ ನಡೆಯುತ್ತದೆ? ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಸಂಶೋಧಕರು, ಸ್ಥೂಲಕಾಯರಾದ 50 ಮಂದಿಗೆ 10 ವಾರ ಮಿತಾಹಾರ ಕೊಟ್ಟು ನೋಡಿ, 2011ರಲ್ಲಿ ಫಲವನ್ನು ಪ್ರಕಟಿಸಿದರು. ಪಥ್ಯ ಮುಗಿದು ಒಂದು ವರುಷ ಕಳೆದರೂ ಲೆಪ್ಟಿನ್ ಮೊದಲಿಗಿಂತ ಕಡಮೆ, ಘ್ರೆಲಿನ್ ಹೆಚ್ಚು, ಹಸಿವೂ ಹೆಚ್ಚು.

ಇದರಿಂದ ಪ್ರಯತ್ನವೇ ವ್ಯರ್ಥವೆಂದು ಯಾರೂ ಕೈಚೆಲ್ಲಬೇಕಾಗಿಲ್ಲ. ಇಳಿಸಿದ ತೂಕವನ್ನು ಕಾಯ್ದುಕೊಳ್ಳುವುದೂ ಇಳಿಸುವಷ್ಟೇ ದೊಡ್ಡ ಕೆಲಸ, ಅದಕ್ಕೆ ದೀರ್ಘಕಾಲದ ಆರೈಕೆಯೂ ವೈದ್ಯರ ನೆರವೂ ಬೇಕು ಎಂಬುದಷ್ಟೇ ಇದರ ತಾತ್ಪರ್ಯ. ಮನೆಯಲ್ಲಿ ಇಂಥವರಿದ್ದರೆ ಹಂಗಿಸುವ ಮೊದಲು, ಅವರು ದಿನವೂ ಎಂಥ ಹಸಿವಿನೊಡನೆ ಸೆಣಸುತ್ತಿದ್ದಾರೆಂಬುದನ್ನು ನೆನೆಯೋಣ.