ಲೇಸರ್ ರೋಮ ನಿವಾರಣೆ

ಲೇಸರ್ ರೋಮ ನಿವಾರಣೆ ಎಂದರೆ ಲೇಸರ್ ಬೆಳಕಿನ ಶಾಖದಿಂದ ಕೂದಲಿನ ಬುಡಕ್ಕೆ ಹಾನಿಯುಂಟುಮಾಡಿ ಮುಖ, ಕಂಕುಳು, ಕೈಕಾಲು ಮುಂತಾದ ಭಾಗಗಳಲ್ಲಿ ಬೇಡದ ಕೂದಲಿನ ಬೆಳವಣಿಗೆಯನ್ನು ತಗ್ಗಿಸುವ ಚಿಕಿತ್ಸೆ. ಹೆಸರಿನಲ್ಲಿ 'ನಿವಾರಣೆ' ಎಂದಿದ್ದರೂ ಕೂದಲು ಶಾಶ್ವತವಾಗಿ, ಸಂಪೂರ್ಣವಾಗಿ ಇಲ್ಲವಾಗುವುದು ವಿರಳ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಯಂತ್ರಗಳ ವಿಷಯದಲ್ಲಿ ಬಳಸುವ ಪದ 'ಶಾಶ್ವತ ಇಳಿಕೆ'. ಭಾರತದ ಚರ್ಮವೈದ್ಯರ ಸಂಘದ 2008ರ ಮಾರ್ಗಸೂಚಿಯೂ ಇಳಿಕೆಯೆಂದೇ ಹೇಳುತ್ತದೆ. ಕಲಬುರಗಿಯಂತಹ ಬಿಸಿಲಿನ ಪ್ರದೇಶದಲ್ಲಿ, ಕಂದು ಮೈಬಣ್ಣದವರಲ್ಲಿ ಈ ಚಿಕಿತ್ಸೆಗೆ ಹೆಚ್ಚಿನ ಎಚ್ಚರ ಅಗತ್ಯ.

ಹಿನ್ನೆಲೆ

ಬೇಡದ ಕೂದಲನ್ನು ತೆಗೆಯುವ ಪ್ರಯತ್ನ ಹಳೆಯದು. ಸುಶ್ರುತ ಸಂಹಿತೆಯು ವ್ರಣ ಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ಲೋಮಾಪಹರಣವನ್ನೂ ಎಣಿಸಿದೆ. ಅಮೆರಿಕದ ನೇತ್ರವೈದ್ಯ ಚಾರ್ಲ್ಸ್ ಮಿಷೆಲ್ 1875ರಲ್ಲಿ ಒಳಮುಖವಾಗಿ ಬೆಳೆದ ರೆಪ್ಪೆಗೂದಲನ್ನು ವಿದ್ಯುತ್ ಸೂಜಿಯಿಂದ ನಾಶಪಡಿಸುವ ಕ್ರಮವನ್ನು ವರದಿ ಮಾಡಿದರು. ಥಿಯೋಡೋರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಯಂತ್ರವನ್ನು ಚಾಲನೆಗೊಳಿಸಿದರು. ಸುತ್ತಲಿನ ಚರ್ಮವನ್ನು ಸುಡದೆ ಬಣ್ಣವಿರುವ ಗುರಿಯನ್ನು ಮಾತ್ರ ಬಿಸಿಮಾಡಬಹುದೆಂಬ ತತ್ತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ಇಂದಿನ ಚಿಕಿತ್ಸೆ ನಿಂತಿರುವುದು ಈ ತತ್ತ್ವದ ಮೇಲೆ.

ಕಾರ್ಯವಿಧಾನ

ಕೂದಲಿನ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಬೆಳಕನ್ನು ಹೀರಿ ಶಾಖವಾಗಿ ಮಾರ್ಪಡಿಸುತ್ತದೆ. ಆ ಶಾಖವು ರೋಮಕೂಪದಲ್ಲಿ ಕೂದಲನ್ನು ಮತ್ತೆ ಬೆಳೆಸುವ ಕೋಶಗಳನ್ನು ತಲುಪಬೇಕು. ಆದ್ದರಿಂದ ನರೆತ ಅಥವಾ ಬಹಳ ತಿಳಿಬಣ್ಣದ ಕೂದಲಿನ ಮೇಲೆ ಲೇಸರ್ ಪರಿಣಾಮ ಬೀರುವುದಿಲ್ಲ. ಕಪ್ಪಾದ, ದಪ್ಪವಾದ ಕೂದಲಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕೂದಲು ಬೆಳವಣಿಗೆ, ಕ್ಷೀಣತೆ, ವಿಶ್ರಾಂತಿ ಎಂಬ ಮೂರು ಹಂತಗಳಲ್ಲಿ ಸುತ್ತುತ್ತದೆ. ಬೆಳವಣಿಗೆಯ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ಸರಿಯಾಗಿ ತಾಗುತ್ತದೆ. ಎಲ್ಲ ಕೂದಲೂ ಒಂದೇ ವೇಳೆಗೆ ಆ ಹಂತದಲ್ಲಿರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ 4ರಿಂದ 8 ವಾರಗಳ ಅಂತರದಲ್ಲಿ 6ರಿಂದ 8 ಬಾರಿ ಚಿಕಿತ್ಸೆ ಬೇಕಾಗುತ್ತದೆ. ಮದುವೆಗೆ ಒಂದು ತಿಂಗಳಿರುವಾಗ ಆರಂಭಿಸಿ ಅರಿಶಿನ ಶಾಸ್ತ್ರದ ಹೊತ್ತಿಗೆ ಮುಗಿಯಬೇಕೆಂದು ಬಯಸಿದರೆ ಅದು ಕೈಗೂಡುವುದಿಲ್ಲ.

ಮೈಬಣ್ಣ ಮತ್ತು ಬಿಸಿಲು

ಮೆಲನಿನ್ ಕೂದಲಿನಲ್ಲಿ ಮಾತ್ರವಲ್ಲ, ಚರ್ಮದ ಮೇಲ್ಪದರದಲ್ಲೂ ಇದೆ. ತೊಡಕಿರುವುದು ಇಲ್ಲಿಯೇ. ಬೆಳ್ಳಗಿನ ಚರ್ಮಕ್ಕೆ ಒಗ್ಗುವ 755 ನ್ಯಾನೋಮೀಟರ್‌ನ ಅಲೆಕ್ಸಾಂಡ್ರೈಟ್ ಲೇಸರನ್ನು ಕಪ್ಪು ಚರ್ಮದ ಮೇಲೆ ಬಳಸಿದರೆ ಚರ್ಮವೇ ಶಾಖವನ್ನು ಹೀರಿ ಸುಡಬಹುದು. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಇನ್ನೂ ಆಳಕ್ಕಿಳಿಯುತ್ತದೆ, ಮೇಲ್ಪದರದ ಮೆಲನಿನ್‌ಗೆ ಕಡಿಮೆ ತಾಗುತ್ತದೆ. ಹೀಗಾಗಿ ಕಪ್ಪು ಚರ್ಮಕ್ಕೆ ಅದು ಹೆಚ್ಚು ಸುರಕ್ಷಿತವೆಂದು ಎಣಿಸಲಾಗಿದೆ. 800–810 ನ್ಯಾನೋಮೀಟರ್‌ನ ಡಯೋಡ್ ಲೇಸರ್ ಇವೆರಡರ ನಡುವಿನದು. ಅದನ್ನು ಕಂದು ಚರ್ಮಕ್ಕೂ ತಂಪುಗೊಳಿಸುವ ವ್ಯವಸ್ಥೆಯೊಂದಿಗೆ ಬಳಸುತ್ತಾರೆ. ಐಪಿಎಲ್ ಯಂತ್ರಗಳು ಲೇಸರ್ ಅಲ್ಲ. ಅವು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಹೊಮ್ಮಿಸುತ್ತವೆ. ಯಾವ ಯಂತ್ರವೆಂದು ಕೇಳಿ ತಿಳಿಯುವುದು ಚಿಕಿತ್ಸೆ ಪಡೆಯುವವರ ಹಕ್ಕು.

ಬಿಸಿಲಿನಿಂದ ಚರ್ಮ ಕಂದಿದಾಗ ಮೆಲನಿನ್ ಹೆಚ್ಚಿ ಸುಡುವ ಅಪಾಯವೂ ಹೆಚ್ಚುತ್ತದೆ. ಕಲಬುರಗಿಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಚಳಿಗಾಲದಲ್ಲಿ ಆರಂಭಿಸಿ ಎಂಬ ಸಲಹೆ ಸರಿಯಾದುದೇ. ಆದರೆ ದೀಪಾವಳಿಯ ಸುಮಾರಿಗೆ ಮೊದಲ ಬಾರಿ ಹೋದವರು ಆರು ವಾರಗಳಿಗೊಮ್ಮೆಯಂತೆ ಆರು ಬಾರಿ ಮುಗಿಸುವಾಗ ಸುಮಾರು 30 ವಾರ ಕಳೆದು ಬೇಸಿಗೆ ಮುಗಿದಿರುತ್ತದೆ. ಕಮಲಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಡಿಸೆಂಬರ್–ಜನವರಿ ತೊಗರಿ ಕಟಾವಿನ ಕಾಲ. ಹೊಲದಲ್ಲಿ ದುಡಿಯುವವರಿಗೆ ಚಳಿಗಾಲವೂ ಬಿಸಿಲಿನ ಕಾಲವೇ. ಮುಖವನ್ನೂ ತೋಳನ್ನೂ ಸೆರಗಿನಿಂದ ಮುಚ್ಚಿಕೊಳ್ಳುವುದು, ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದು ಅವರಿಗೆ ಇನ್ನೂ ಮುಖ್ಯ. ಚರ್ಮ ಕಂದಿದ್ದರೆ ಆ ಬಾರಿಯ ಚಿಕಿತ್ಸೆಯನ್ನು ಮುಂದೂಡುವುದೇ ಲೇಸು.

ಚಿಕಿತ್ಸೆಯ ಅನುಭವ

ಚಿಕಿತ್ಸೆಗೆ ಮೊದಲು ಸುಮಾರು ನಾಲ್ಕು ವಾರ ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಮಾಡಿಸಬಾರದು. ಬುಡದ ಕೂದಲೇ ಕಿತ್ತುಹೋದರೆ ಲೇಸರಿಗೆ ಗುರಿ ಉಳಿಯುವುದಿಲ್ಲ. ಹಿಂದಿನ ದಿನ ಬ್ಲೇಡಿನಿಂದ ಬೋಳಿಸಿಕೊಳ್ಳಬಹುದು. ಬೋಳಿಸಿದರೆ ಕೂದಲು ಗಡುಸಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅರಿಶಿನ, ಕ್ರೀಮು, ಪೌಡರುಗಳನ್ನು ಪೂರ್ತಿ ತೊಳೆದುಕೊಂಡು ಹೋಗಬೇಕು. ಗರ್ಭಿಣಿಯರು ಸಾಮಾನ್ಯವಾಗಿ ಚಿಕಿತ್ಸೆಯನ್ನು ಮುಂದೂಡುತ್ತಾರೆ. ತುಟಿಯ ಸುತ್ತ ಹರ್ಪಿಸ್ ಗುಳ್ಳೆಗಳು ಬಂದಿದ್ದರೆ, ಮೊಡವೆಗೆ ಐಸೋಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಪ್ರತಿ ಮಿಂಚಿಗೂ ರಬ್ಬರ್ ಬ್ಯಾಂಡ್ ಚಟ್ಟನೆ ಬಡಿದಂತಾಗುತ್ತದೆ. ಸುಟ್ಟ ಕೂದಲಿನ ವಾಸನೆ ಬರುತ್ತದೆ. ಮೇಲ್ದುಟಿಗೆ ಕೆಲವು ನಿಮಿಷ ಸಾಕು, ಕಾಲುಗಳಿಗೆ ಅದಕ್ಕಿಂತ ಬಹಳ ಹೊತ್ತು ಬೇಕು. ಬಳಿಕ ಕೂದಲಿನ ಬುಡದಲ್ಲಿ ಸಣ್ಣ ಉಬ್ಬು, ಕೆಂಪು ಕಾಣಿಸಿಕೊಂಡು ಒಂದೆರಡು ದಿನದಲ್ಲಿ ಇಳಿಯುತ್ತದೆ. ಮುಂದಿನ ಒಂದರಿಂದ ಮೂರು ವಾರ ಕೂದಲು ಮತ್ತೆ ಬೆಳೆಯುತ್ತಿರುವಂತೆ ತೋರಿದರೂ ಅದು ಸುಟ್ಟ ಕೂದಲು ಹೊರಬರುತ್ತಿರುವುದು. ಇದನ್ನು ಅರಿಯದೆ, ಚಿಕಿತ್ಸೆ ವಿಫಲವಾಯಿತೆಂದು ನಡುವೆಯೇ ಬಿಡುವವರುಂಟು.

ಗುಳ್ಳೆ, ತೀವ್ರ ಉರಿ ಅಥವಾ ಕಪ್ಪು–ಬಿಳಿ ಕಲೆ ಕಂಡರೆ ವೈದ್ಯರನ್ನು ಕಾಣಬೇಕು. ಕಲೆಗಳು ಹೆಚ್ಚಾಗಿ ತಿಂಗಳುಗಳಲ್ಲಿ ಮಾಸುತ್ತವೆ, ಎಲ್ಲವೂ ಅಲ್ಲ. ಅಪರೂಪಕ್ಕೆ ಚಿಕಿತ್ಸೆಯ ಜಾಗದ ಅಂಚಿನಲ್ಲಿ ಹೊಸ ಕೂದಲು ಬೆಳೆಯುವುದೂ ಉಂಟು. ಮುಖ, ಕುತ್ತಿಗೆಗಳಲ್ಲಿ, ದಕ್ಷಿಣ ಏಷ್ಯಾದ ಮಹಿಳೆಯರಲ್ಲಿ ಇದು ಹೆಚ್ಚಾಗಿ ವರದಿಯಾಗಿದೆ.

ಮುಖದ ಕೂದಲು ಮತ್ತು ಹಾರ್ಮೋನು

ಗದ್ದ, ಮೇಲ್ದುಟಿಗಳಲ್ಲಿ ಗಡುಸಾದ ಕೂದಲು ಬೆಳೆದ ಹೆಣ್ಣುಮಕ್ಕಳಿಗೆ ಅದು ಕೇವಲ ಅಂದದ ಪ್ರಶ್ನೆಯಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕುಳಿತುಕೊಳ್ಳುವ ಅಳುಕು ಅದರಲ್ಲಿದೆ. ಮುಟ್ಟಿನ ಏರುಪೇರಿನೊಂದಿಗೆ ಹೀಗಾದರೆ ಪಿಸಿಓಎಸ್ ಎಂಬ ಹಾರ್ಮೋನು ತೊಂದರೆಯ ತಪಾಸಣೆ ಅಗತ್ಯ. ಕಾರಣಕ್ಕೆ ಮದ್ದು ಮಾಡದೆ ಲೇಸರ್ ಒಂದನ್ನೇ ನೆಚ್ಚಿದರೆ ಕೂದಲು ಮರಳುತ್ತದೆ. ಕೆಲವೇ ತಿಂಗಳಲ್ಲಿ ಕೂದಲು ಹೆಚ್ಚಿ ಧ್ವನಿ ಗಡುಸಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಚಿಕಿತ್ಸಾಲಯದ ಆಯ್ಕೆ

ಕಲಬುರಗಿ ನಗರದಲ್ಲಿ 1963ರಲ್ಲಿ ಸ್ಥಾಪನೆಯಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಗುಲ್ಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆ ಮುಂತಾದವುಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಮೊದಲ ಸಲಹೆಗೆ ಇವು ತಕ್ಕ ಸ್ಥಳಗಳು. ಖಾಸಗಿ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅನ್ವಯ ನೋಂದಣಿಯಾಗಿರಬೇಕು. ಮೊದಲು ಚರ್ಮದ ಸಣ್ಣ ಭಾಗದಲ್ಲಿ ಪರೀಕ್ಷಿಸಿ ನೋಡುವ ಕ್ರಮವಿರುವಲ್ಲಿಗೆ ಹೋಗುವುದು ಒಳ್ಳೆಯದು. ಒಂದು ಬಾರಿಯ ಶುಲ್ಕವನ್ನಲ್ಲ, ಎಲ್ಲ ಬಾರಿಯ ಒಟ್ಟು ಮೊತ್ತವನ್ನು ಕೇಳಬೇಕು. ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ದೊರೆಯುವುದಿಲ್ಲ. 2023ರ ಶಕ್ತಿ ಯೋಜನೆಯಿಂದ ಕಮಲಾಪುರದ ಮಹಿಳೆಯರಿಗೆ ನಗರದವರೆಗಿನ ಸಾರಿಗೆ ಬಸ್ಸಿನ ಖರ್ಚು ತಪ್ಪಿದೆ. ಆದರೆ ಆರೆಂಟು ಬಾರಿ ಹೋಗಿಬರುವಾಗ ಕೈಬಿಡುವ ದಿನಗೂಲಿಯೂ ಲೆಕ್ಕಕ್ಕೆ ಸೇರಬೇಕು. ಮೊದಲ ಸುತ್ತು ಮುಗಿದ ಮೇಲೂ ಹಲವರಿಗೆ ವರ್ಷಕ್ಕೊಂದೆರಡು ಬಾರಿ ಚಿಕಿತ್ಸೆ ಬೇಕಾಗುತ್ತದೆ.